ಟಾರು ರಸ್ತೆ ಬಿಟ್ಟ ಫಿಟ್ಟಿಂಗ್ ಮೇಷ್ಟ್ರು

ಹುಡುಗರು ಅರ ಹಾಕಿ ತಂದ ಕಬ್ಬಿಣದ ತುಂಡನ್ನು ಅವರು ಕಣ್ಣಿನಿಂದ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಎಡಗೈ ಹೆಬ್ಬೆರಳನ್ನು ಅದರ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಸಲ ಎಳೆಯುತ್ತಿದ್ದರು. "ಈ ಮೂಲೇಲಿ ಒಂದು ಕೂದಲೆಳೆಯಷ್ಟು ಜಾಸ್ತಿ ಇದೆ, ತೆಗೆದು ತಾ" ಎನ್ನುತ್ತಿದ್ದರು. ಹುಡುಗ ಅಳತೆಪಟ್ಟಿ ಇಟ್ಟು ನೋಡಿದರೆ ಇರುತ್ತಿತ್ತು. "ಕಣ್ಣು ಮುಲಾಜು ನೋಡುತ್ತೆ, ಬೆರಳು ನೋಡಲ್ಲ" ಎನ್ನುವುದು ದಿನಕ್ಕೊಮ್ಮೆಯಾದರೂ ಅವರ ಬಾಯಿಂದ ಬರುತ್ತಿದ್ದ ಮಾತು.

ಸ್ವಾತಂತ್ರ್ಯ ಬಂದ ನಾಲ್ಕೈದು ವರ್ಷದ ಮೇಲೆ ನಾನು ಮೈಸೂರಿನ ಒಂದು ಕೈಗಾರಿಕಾ ಶಾಲೆಗೆ ಡ್ರಾಯಿಂಗ್ ಮೇಷ್ಟರಾಗಿ ಸೇರಿದೆ. ಅವರು ಅಲ್ಲಿ ಫಿಟ್ಟಿಂಗ್ ಮೇಷ್ಟ್ರು. ನನಗಿಂತ ಹನ್ನೆರಡು ವರ್ಷ ದೊಡ್ಡವರು. ಹೆಸರು ಬೇಡ, ಶಾಲೆಯಲ್ಲಿ ಯಾರೂ ಅವರನ್ನು ಹೆಸರಿನಿಂದ ಕರೆಯುತ್ತಲೂ ಇರಲಿಲ್ಲ. ನಾನು ಅವರ ಬಾಯಲ್ಲಿ ಮೊದಲ ದಿನದಿಂದ 'ಡ್ರಾಯಿಂಗು' ಆದೆ. "ಏನಯ್ಯಾ ಡ್ರಾಯಿಂಗು, ಕಾಫಿ ಆಯ್ತಾ?" ಎಂದು ಶುರುವಾದದ್ದು ಸ್ನೇಹವೋ ಗುರುಶಿಷ್ಯ ಸಂಬಂಧವೋ ನನಗೆ ಕೊನೆಯವರೆಗೂ ಬಗೆಹರಿಯಲಿಲ್ಲ.

ಅವರ ಹತ್ತಿರ ಒಂದು ಮೋಟಾರ್ ಸೈಕಲ್ ಇತ್ತು. ಯುದ್ಧ ಮುಗಿದು ಮಿಲಿಟರಿಯವರು ಹಳೆಯ ಗಾಡಿಗಳನ್ನು ವಿಲೇವಾರಿ ಮಾಡಿದಾಗ ತುಂಡು ತುಂಡಾಗಿ ಸಿಕ್ಕಿದ್ದನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದು, ಎರಡು ವರ್ಷ ಕೂತು ಜೋಡಿಸಿದ್ದರು. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ಮೇಲೆ ಮೂರು ಬೆರಳ ವಿಭೂತಿ ಆರುವ ಮೊದಲೇ ಗಾಗಲ್ಸು ಕಟ್ಟಿಕೊಂಡು ಹೊರಟರೆ, ಅರಮನೆಯ ಸುತ್ತ ಇರುವವರೆಲ್ಲ ತಲೆಯೆತ್ತಿ ನೋಡುವರು. ಬೆನ್ನು ನೆಟ್ಟಗೆ, ಮೊಣಕೈ ಮೈಗೆ ಅಂಟಿಸಿ ಕೂರುತ್ತಿದ್ದರು. ಟಾರು ಬಿಟ್ಟು ಕೆಳಗಿಳಿಸುತ್ತಿರಲಿಲ್ಲ. ಮಣ್ಣಿನ ಓಣಿ ಅಡ್ಡ ಬಂದರೆ ಅರ್ಧ ಮೈಲಿ ಸುತ್ತಿಕೊಂಡಾದರೂ ಸರಿ, ಟಾರಿನಲ್ಲೇ ಹೋಗುವರು. ನಜರ್‌ಬಾದಿನ ಅವರ ಮನೆಯಲ್ಲಿ ಹೆಂಡತಿ ಹೇಳುತ್ತಿದ್ದರು: "ಸದ್ದು ಸರ್ಕಲ್ ಹತ್ರ ಕೇಳ್ತಿದ್ದಂಗೆ ನಾನು ಕಾಫಿಗೆ ನೀರಿಡ್ತೀನಿ. ಇವರು ಚಪ್ಪಲಿ ಬಿಡೋ ಹೊತ್ತಿಗೆ ಕುದೀತಿರುತ್ತೆ." ಅವರಿಗೆ ಮಕ್ಕಳಿರಲಿಲ್ಲ. ಆ ಗಾಡಿಯನ್ನು ಒರೆಸಲು ಬೇರೆ ಬಟ್ಟೆ, ಕನ್ನಡಿಗೆ ಬೇರೆ ಬಟ್ಟೆ ಇಟ್ಟಿದ್ದವರು ಹೆಂಡತಿಯೇ.

ಒಂದು ಶನಿವಾರ ಅರ್ಧ ದಿನದ ಶಾಲೆ. ಊರಿಗೆ ಹೊಸ ಸಿನಿಮಾ ಬಂದಿತ್ತು. ಮ್ಯಾಟಿನಿಗೆ ಹೋಗೋಣ ಎಂದು ಹೊರಡಿಸಿದವನು ನಾನು. ಅವರ ಮನೆಯಲ್ಲಿ ಊಟ ಮುಗಿಸಿ ಹೊರಟಾಗಲೇ ತಡವಾಗಿತ್ತು. ಮುಂದೆ ಒಂದು ಖಾಲಿ ಜಟಕಾ ಹೋಗುತ್ತಿತ್ತು. ಅದನ್ನು ಓಡಿಸುತ್ತಿದ್ದ ಸಾಬರು ಒಬ್ಬರೇ ಮುಂದೆ ಕೂತಿದ್ದರು. ರಸ್ತೆ ಅಲ್ಲಿ ಕಿರಿದು. ಮೇಷ್ಟ್ರು ವೇಗ ತಗ್ಗಿಸಿ ಜಟಕಾದ ಹಿಂದೆಯೇ ಹೋಗುತ್ತಿದ್ದರು. ಹಿಂದಿನ ಸೀಟಿನಲ್ಲಿದ್ದ ನಾನು ಅವರ ಕಿವಿಯ ಹತ್ತಿರ ಬಾಗಿ, "ಹೊಡ್ಕೊಂಡು ಮುಂದೆ ಹೋಗಿ ಸಾರ್, ಟೈಮಾಯ್ತು" ಎಂದೆ. ಗಾಡಿ ಗುಡುಗಿ ಮುಂದೆ ನುಗ್ಗಿತು.

ನಾವು ಜಟಕಾವನ್ನು ಮುಟ್ಟಲಿಲ್ಲ. ಒಂದು ಮೊಳ ಅಂತರವಿತ್ತು. ಆದರೆ ಸದ್ದಿಗೆ ಕುದುರೆ ಮುಂಗಾಲೆತ್ತಿ ಪಕ್ಕಕ್ಕೆ ಹಾರಿತು. ಚಕ್ರ ಮೋರಿಗಿಳಿದು ಜಟಕಾ ಮಗುಚಿತು. ಸಾಬರು ಅದರ ಅಡಿಯಲ್ಲಿದ್ದರು. ಹತ್ತು ಜನ ಸೇರಿ ಎತ್ತಿದೆವು. ಆಸ್ಪತ್ರೆಗೆ ಸೇರುವ ಮೊದಲೇ ಜೀವ ಹೋಗಿತ್ತು.

ಪೊಲೀಸಿನ ದಫೇದಾರರು ಬಂದು ಬರೆದುಕೊಳ್ಳತೊಡಗಿದಾಗ ಮೇಷ್ಟ್ರು, "ನಾನು ಜೋರಾಗಿ ಎಳೆದೆ. ತಪ್ಪು ನಂದು" ಎಂದರು. ನಾನು ಮಧ್ಯೆ ಬಾಯಿ ಹಾಕಿದೆ. "ಇಲ್ಲ ಸ್ವಾಮಿ, ನಿಧಾನಕ್ಕೇ ಹೋಗ್ತಿದ್ವಿ. ಕುದುರೆ ತಾನೇ ಬೆದರ್ತು. ಗಾಬರೀಲಿ ಇವರಿಗೆ ಏನು ಹೇಳ್ತಿದೀನಿ ಅಂತ ಗೊತ್ತಾಗ್ತಿಲ್ಲ." ಪಕ್ಕದ ಅಂಗಡಿಯವರೂ ಕುದುರೆ ಬೆದರಿದ್ದನ್ನೇ ಹೇಳಿದರು. ಕೇಸು ಆಗಲಿಲ್ಲ.

ಹದಿನೈದು ದಿನ ಬಿಟ್ಟು ಅವರು ಸಾಬರ ಮನೆಗೆ ಹೊರಟರು. ನಾನೂ ಜೊತೆಗೆ ಹೋದೆ. ಮನೆಯ ಮುಂದೆ ಅದೇ ಕುದುರೆ ಕಟ್ಟಿತ್ತು, ಹುಲ್ಲು ತಿನ್ನುತ್ತಿತ್ತು. ಬಾಗಿಲಿಗೆ ಇಳಿಬಿಟ್ಟ ಗೋಣಿಪರದೆಯ ಆಚೆಯಿಂದ ಸಾಬರ ಹೆಂಡತಿ ಮಾತಾಡಿದರು. "ನಸೀಬು ಮೇಷ್ಟ್ರೇ. ಆ ಕುದುರೆ ಮೊದ್ಲಿಂದ ಹಂಗೇನೇ. ಮಾರಿಬಿಡಿ ಅಂತ ಇವರಿಗೆ ಎಷ್ಟು ಸಾರಿ ಹೇಳಿದ್ದೆ. ನೀವು ಯಾಕೆ ಮನಸ್ಸಿಗೆ ಹಚ್ಕೊತೀರ?" ಮೇಷ್ಟ್ರು ಏನೋ ಹೇಳಲು ಹೋದರು, ಅಷ್ಟರಲ್ಲಿ ಒಳಗಿನಿಂದ ಎರಡು ಲೋಟ ಚಹಾ ಬಂತು. ಅವರು ಅದನ್ನು ಹಿಡಿದುಕೊಂಡೇ ಕೂತಿದ್ದು, ಆರಿದ ಮೇಲೆ ಒಂದೇ ಗುಟುಕಿಗೆ ಕುಡಿದು ಎದ್ದರು.

ದಾರಿಯಲ್ಲಿ ಹೇಳಿದರು: "ಬೈದಿದ್ರೆ ಚೆನ್ನಾಗಿತ್ತು ಕಣೋ. ಪೊಲೀಸರಿಗೆ ಬೇಡ, ಆಯಮ್ಮನಿಗೂ ಬೇಡ. ಈ ತಪ್ಪನ್ನ ನಾನು ಯಾರ ಕೈಗೆ ಕೊಡ್ಲಿ ಹೇಳು."

ಗಾಡಿಗೆ ಗೋಣಿ ಹೊದಿಸಿ ಹಜಾರದಲ್ಲಿ ನಿಲ್ಲಿಸಿದರು. ಆರು ತಿಂಗಳು ಶಾಲೆಗೆ ನಡೆದೇ ಬಂದರು. ಹುಡುಗರು ತಂದ ತುಂಡುಗಳನ್ನು ಮುಟ್ಟದೆಯೇ "ಹೂಂ, ಸರಿ ಇದೆ" ಎಂದುಬಿಡುತ್ತಿದ್ದರು. ಹುಡುಗರಿಗೆ ಮೊದಮೊದಲು ಖುಷಿಯಾಯಿತು, ಆಮೇಲೆ ಹೆದರಿಕೆಯಾಯಿತು. ಮನೆಯಲ್ಲಿ ಎರಡು ತುತ್ತು ತಿಂದು ಕೈ ತೊಳೆಯುತ್ತಾರೆ ಎಂದು ಹೆಂಡತಿ ಹೇಳಿದರು. ನಾನು ಇದನ್ನೆಲ್ಲ ನೋಡಿಕೊಂಡು, ಕಿವಿಯಲ್ಲಿ ಹೇಳಿದ ಆ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದೆ. ಏನಾದರೂ ಮಾಡಬೇಕಿತ್ತು. ಒಂದು ದಿನ ಅಂದೆ: "ಸಾರ್, ನಮ್ಮೂರ ಕಡೆ ಬನ್ನಿ. ಹೂಟಗಳ್ಳಿಯಿಂದ ಆಚೆ ಗೋಮಾಳ ಇದೆ. ಬರೀ ಕಲ್ಲು, ಲಂಟಾನ. ರಸ್ತೆಯೂ ಇಲ್ಲ, ಜಟಕಾನೂ ಇಲ್ಲ. ಗಾಡಿ ತಗೊಂಡು ಬನ್ನಿ, ಮನಸ್ಸಿಗೆ ಒಂಚೂರು ಗಾಳಿಯಾಡುತ್ತೆ." ಆ ಜಾಗವನ್ನು ತೋರಿಸಿದವನೂ ನಾನೇ, ಇದನ್ನೂ ಬರೆದಿಡಬೇಕು.

ಮುಂದಿನ ಭಾನುವಾರ ನಾನು ಊರಿನಲ್ಲಿ ಕಾಯುತ್ತಿದ್ದೆ. ಗಾಡಿಯ ಸದ್ದು ಕೇಳಲಿಲ್ಲ. ಒಂಬತ್ತು ಗಂಟೆಯ ಹೊತ್ತಿಗೆ ಮೇಷ್ಟ್ರು ಬೆವರು ಸುರಿಸುತ್ತ ಗಾಡಿ ತಳ್ಳಿಕೊಂಡು ಬಂದರು. ನಜರ್‌ಬಾದಿನಿಂದ ಒಂಟಿಕೊಪ್ಪಲು ದಾಟಿ, ಹೆಬ್ಬಾಳದ ಹೊಲಗಳ ಪಕ್ಕದಲ್ಲಿ ಅಷ್ಟು ದೂರವೂ ತಳ್ಳಿಕೊಂಡೇ ಬಂದಿದ್ದರು. "ಕೆಟ್ಟಿತಾ ಸಾರ್?" ಎಂದೆ. "ಇಲ್ಲ. ರಸ್ತೆ ಮೇಲೆ ಇನ್ನು ಇದನ್ನ ಸ್ಟಾರ್ಟ್ ಮಾಡಲ್ಲ ಅಂತ ಅಂದ್ಕೊಂಡಿದೀನಿ" ಎಂದರು. ನಮ್ಮ ಮನೆಯ ಕೊಟ್ಟಿಗೆಯಲ್ಲೇ ಇಟ್ಟುಹೋಗಿ ಎಂದರೆ ಒಪ್ಪಲಿಲ್ಲ. ಸಂಜೆ ಮತ್ತೆ ತಳ್ಳಿಕೊಂಡೇ ಹೋದರು. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಹಾಗೇ. ದಾರಿಯಲ್ಲಿ ಜನ "ಪೆಟ್ರೋಲ್ ಮುಗೀತಾ ಮೇಷ್ಟ್ರೇ?" ಎಂದು ಕೇಳುವರಂತೆ. "ಹೂಂ, ಮುಗೀತು" ಎನ್ನುವರಂತೆ.

ಮೊದಲ ದಿನ ಅವರು ಏಳು ಸಲ ಬಿದ್ದರು. ಟಾರಿನ ಮೇಲೆ ಮಹಾರಾಜರ ಹಾಗೆ ಕೂರುತ್ತಿದ್ದ ಮನುಷ್ಯನಿಗೆ ಆ ಗರಸು ಮಣ್ಣಿನಲ್ಲಿ ಕೂತು ಓಡಿಸಲು ಆಗಲಿಲ್ಲ. ಉರುಟು ಕಲ್ಲು ಮುಂದಿನ ಚಕ್ರವನ್ನು ತನಗೆ ಬೇಕಾದ ಕಡೆ ತಿರುಗಿಸುತ್ತಿತ್ತು. ಕಾಲಿಡುವ ಕಡ್ಡಿಗಳ ಮೇಲೆ ಎದ್ದು ನಿಂತು, ಮೊಣಕಾಲು ಸಡಿಲ ಬಿಟ್ಟು, ಗಾಡಿಯನ್ನು ಕಾಲುಗಳ ನಡುವೆ ಕುಣಿಯಲು ಬಿಡಬೇಕು ಎಂದು ಕಂಡುಕೊಳ್ಳಲು ಒಂದು ತಿಂಗಳು ಬೇಕಾಯಿತು. ಟೈರಿನ ಗಾಳಿ ಅರ್ಧ ಇಳಿಸಿದರು. ಮಡ್‌ಗಾರ್ಡು ಬಿಚ್ಚಿದರು. ಸೈಲೆನ್ಸರನ್ನು ಕಲ್ಲಿಗೆ ತಾಗದಂತೆ ಮೇಲಕ್ಕೆ ಕಟ್ಟಿದರು. ಅಗಲವಾದ ಹ್ಯಾಂಡಲನ್ನು ಶಾಲೆಯ ವರ್ಕ್‌ಶಾಪಿನಲ್ಲಿ ಪೈಪು ಬಗ್ಗಿಸಿ ಮಾಡಿದರು. ಕೊನೆಗೆ ಹೆಡ್‌ಲೈಟನ್ನೂ ಕನ್ನಡಿಯನ್ನೂ ತೆಗೆದು ಹೆಂಡತಿಯ ಕೈಗೆ ಕೊಟ್ಟು, "ಇವನ್ನ ಒಳಗಿಡು. ಇನ್ನು ಇದು ರಸ್ತೆಗೆ ಬರೋ ಗಾಡಿ ಅಲ್ಲ" ಎಂದರು. ಆಕೆ ಆ ಕನ್ನಡಿಯನ್ನು ಸೆರಗಿನಲ್ಲಿ ಒರೆಸುತ್ತ ನಿಂತಿದ್ದರು.

ನಮ್ಮಪ್ಪ ಗೋಮಾಳದ ಅಂಚಿನಲ್ಲಿ ದನ ಬಿಟ್ಟುಕೊಂಡು ನೋಡುತ್ತಿದ್ದರು. ಅವರ ಮಾತು ಕಡಿಮೆ. ಒಂದು ಭಾನುವಾರ ಅಂದರು: "ಈ ವಯ್ಯ ಕಲಿಯಾಕೆ ಬತ್ತಾವ್ರೆ ಅಂದ್ಕಂಡಿದ್ದೆ. ಬೀಳಾಕೇ ಬಂದೋರಂಗವ್ರೆ ಕಣ್ಲಾ."

ಮೇಷ್ಟರಿಗೆ ಒಂದು ಅಭ್ಯಾಸವಿತ್ತು. ಒಂದು ಸುತ್ತು ಓಡಿಸಿ ಬಂದ ಮೇಲೆ ಗಾಡಿ ನಿಲ್ಲಿಸಿ, ತಮ್ಮ ಚಕ್ರದ ಗುರುತಿನ ಪಕ್ಕದಲ್ಲೇ ನಡೆದು ಹೋಗುತ್ತಿದ್ದರು. ಕುಕ್ಕರಗಾಲಿನಲ್ಲಿ ಕೂತು, ಹಿಂದಿನ ಚಕ್ರ ಬ್ರೇಕಿಗೆ ಸಿಕ್ಕಿ ಮಣ್ಣು ಗೀರಿದ ಜಾಗವನ್ನು ಆ ಎಡಗೈ ಹೆಬ್ಬೆರಳಿನಿಂದ ಸವರುವರು. "ನೋಡು ಡ್ರಾಯಿಂಗು, ಇಲ್ಲಿ ಹೆದರಿದೀನಿ. ಈ ಕೊರಕಲಲ್ಲಿ ಹೆದರಿಲ್ಲ. ಇಲ್ಲಿ ಮತ್ತೆ ಹೆದರಿದೀನಿ, ಅದೂ ಸುಮ್‌ಸುಮ್ನೆ." ಎಷ್ಟೋ ತಿಂಗಳ ಮೇಲೆ ಅವರ ಬೆರಳು ಮತ್ತೆ ಏನನ್ನೋ ಪರೀಕ್ಷೆ ಮಾಡುತ್ತಿದೆಯಲ್ಲ ಎಂದು ನನಗೆ ಸಮಾಧಾನವಾಯಿತು.

ವಾರ ಕಳೆದ ಹಾಗೆ ಬ್ರೇಕಿನ ಗುರುತುಗಳು ಕಡಿಮೆಯಾದವು. ಕೈ ಪಳಗುತ್ತಿದೆ ಎಂದುಕೊಂಡೆ. ನಿಜವಾಗಿಯೂ ಪಳಗಿತ್ತು. ಎದೆಮಟ್ಟದ ದಿಬ್ಬವನ್ನು ಏರಿಸಿ ಆ ಕಡೆ ಇಳಿಸುವರು. ದನವೂ ಹಿಂಜರಿಯುವ ಕೊರಕಲಿನಲ್ಲಿ ಕಲ್ಲಿನಿಂದ ಕಲ್ಲಿಗೆ ಗಾಡಿಯನ್ನು ದಾಟಿಸುವರು. ಆದರೆ ಹೆದರಬೇಕಾದ ಕಡೆಯೂ ಗುರುತು ಇರುತ್ತಿರಲಿಲ್ಲ. ಅದು ಹೊಳೆದ ದಿನ ಅವರು ಗಾಡಿ ನಿಲ್ಲಿಸುವವರೆಗೂ ನಾನು ಕೂರಲಿಲ್ಲ.

ಅದೇ ವಾರ ಅವರ ಹೆಂಡತಿ, ಮೇಷ್ಟ್ರು ಬಚ್ಚಲಲ್ಲಿದ್ದಾಗ, ನನ್ನನ್ನು ಹಿತ್ತಿಲಿಗೆ ಕರೆದರು. "ಮೈಯೆಲ್ಲಾ ಗಾಯ. ಅರಿಸಿನ ಹಚ್ಚೋಕೆ ಹೋದ್ರೆ ಬೇಡ, ಇರ್ಲಿ ಅಂತಾರೆ. ಅವತ್ತು ನೀವಿದ್ರಲ್ಲಪ್ಪ ಹಿಂದೆ. ನಿಜವಾಗ್ಲೂ ಇವರದ್ದೇ ತಪ್ಪಾ?"

"ಇಲ್ಲ ಅಕ್ಕಾವ್ರೇ, ಕುದುರೆ ಬೆದರ್ತು" ಎಂದೆ. ದಫೇದಾರರಿಗೆ ಹೇಳಿದ್ದ ಮಾತೇ ಬಾಯಿಗೆ ಬಂತು.

ನಮ್ಮ ಗೋಮಾಳದ ಒಂದು ಕಡೆ ಕಲ್ಲುಕ್ವಾರಿ ಇತ್ತು. ಗರಸು ನೆಲ ಸ್ವಲ್ಪ ಏರುತ್ತ ಹೋಗಿ ಥಟ್ಟನೆ ಮುಗಿಯುತ್ತದೆ. ಆಚೆ ಮೂರಾಳುದ್ದದ ಗುಂಡಿ, ಕೆಳಗೆ ಒಡೆದ ಕಲ್ಲು. ಒಂದು ಭಾನುವಾರ ಅವರು ಆ ಏರನ್ನು ಹಿಡಿದರು. ನಾನು ಕೂಗಿಕೊಂಡು ಹಿಂದೆ ಓಡಿದೆ. ಗಾಡಿ ಅಂಚಿಗೆ ಒಂದು ಗೇಣು ಉಳಿದಿರುವಾಗ ನಿಂತಿತು. ನೆಲ ನೋಡಿದೆ. ಎಲ್ಲೂ ಗೀರಿರಲಿಲ್ಲ.

"ಬ್ರೇಕ್ ಹಿಡೀಲಿಲ್ವಾ ಸಾರ್?"

"ಇಲ್ಲ. ಏರಿಗೆ ತಾನೇ ನಿಲ್ತು."

ನಾನು ಅಲ್ಲೇ ನೆಲದ ಮೇಲೆ ಕೂತೆ. ಇನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಲಿಲ್ಲ. "ಸಾರ್, ಅವತ್ತು ಹೊಡ್ಕೊಂಡು ಹೋಗಿ ಅಂದೋನು ನಾನು. ಜಟಕಾ ಹಿಂದೆ ನೀವು ನಿಧಾನ ಮಾಡಿದ್ರಿ. ನಾನೇ ನಿಮ್ಮ ಕಿವೀಲಿ ಹೇಳ್ದೆ. ನೀವು ಸಾಯಬೇಕಾದ್ರೆ ನಾನೂ ಸಾಯಬೇಕು."

ಅವರು ಗಾಗಲ್ಸು ಬಿಚ್ಚಿ ಅಂಗಿಯ ಅಂಚಿನಿಂದ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

"ನಂಗೆ ಕೇಳಿಸ್ಲೇ ಇಲ್ವಲ್ಲೋ" ಎಂದರು. "ಆ ಇಂಜಿನ್ ಸದ್ದಲ್ಲಿ ಏನು ಕೇಳ್ಸುತ್ತೆ? ನಾನು ನನ್ನ ಶೋಕಿಗೆ ಎಳೆದೆ. ಇದರಲ್ಲಿ ನಿಂಗೇನೂ ಪಾಲಿಲ್ಲ."

"ನಿಜ ಹೇಳಿ ಸಾರ್."

"ನಿಜಾನೇ. ಎದ್ದೇಳು, ಪಂಚೆಯೆಲ್ಲಾ ಮಣ್ಣಾಗಿದೆ."

ಆ ಅಪಘಾತಕ್ಕೆ ಮೊದಲಿನ ಎರಡು ವರ್ಷದಲ್ಲಿ ನಾನು ಅವರ ಹಿಂದೆ ಕೂತು ಆಡಿದ ಮಾತಿಗೆ ಲೆಕ್ಕವಿಲ್ಲ. ಶಾಲೆಯ ಸುದ್ದಿ, ಊರಿನ ಸುದ್ದಿ, ನನ್ನ ಮದುವೆಯ ಪೇಚಾಟ. ಎಲ್ಲವನ್ನೂ ಅದೇ ಕಿವಿಗೆ, ಅದೇ ಇಂಜಿನ್ ಸದ್ದಿನಲ್ಲಿ ಹೇಳಿದ್ದೆ. ಒಂದಕ್ಕೂ ಅವರು "ಏನಂದೆ?" ಎಂದು ಕೇಳಿದ್ದಿಲ್ಲ, ಓಡಿಸುತ್ತಲೇ ಉತ್ತರ ಕೊಡುತ್ತಿದ್ದರು. ಇದು ನನಗೆ ಅಲ್ಲೇ, ಆ ಕ್ಷಣದಲ್ಲೇ ಗೊತ್ತಿತ್ತು. ಆದರೂ ನಾನು ಅವರ ಮಾತನ್ನು ಒಪ್ಪಿಕೊಂಡೆ. ಅವತ್ತು ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ. ಆ ಊಟವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಎರಡು ವಾರ ಕಳೆದು ನಂಜನಗೂಡಿನಲ್ಲಿ ನನ್ನ ಸ್ನೇಹಿತನ ಮದುವೆ ಬಂತು. ಭಾನುವಾರವೇ ಮುಹೂರ್ತ. ಬಿಟ್ಟು ಹೋಗಲು ಮನಸ್ಸಿಲ್ಲದೆ ಅವರ ಮುಂದೆ ನಿಂತೆ. "ಹೋಗಿ ಊಟ ಮಾಡ್ಕೊಂಡು ಬಾರಯ್ಯ. ನಾನೂ ಈ ವಾರ ಗಾಡಿ ಮುಟ್ಟಲ್ಲ. ಮನೇಲಿ ಒಲೆ ಕಟ್ಟೆ ಬಿರುಕು ಬಿಟ್ಟಿದೆಯಂತೆ, ಅದನ್ನ ನೋಡ್ತೀನಿ" ಎಂದರು. ಅಷ್ಟು ಸಣ್ಣ ಕೆಲಸದ ಮಾತು ಕೇಳಿ ನಾನು ನಿರಾಳವಾಗಿ ಹೋದೆ.

ಭಾನುವಾರ ಸಂಜೆ ವಾಪಸು ಬಂದಾಗ ಮೈಸೂರಿನ ನನ್ನ ರೂಮಿನ ಮೆಟ್ಟಿಲ ಮೇಲೆ ಅಪ್ಪ ಕೂತಿದ್ದರು. ಟವಲು ಕೈಯಲ್ಲಿತ್ತು.

"ಮೇಷ್ಟ್ರು ಓಗ್ಬುಟ್ರು ಕಣ್ಲಾ" ಎಂದರು. "ಬೆಳಗ್ಗೆ ಎಂದಿನಂಗೆ ತಳ್ಕಂಡು ಬಂದ್ರು. ಮಜ್ಜಿಗೆ ಕೊಟ್ಟೆ, ಕುಡುದ್ರು. ಮಗ ಬರ್ನಿಲ್ವಾ ಅಂದೆ. ಮದ್ವೆ ಊಟಕ್ಕೆ ಓಗವ್ನೆ ಅಂತ ನಕ್ಕರು. ಒಂದು ಅರ್ಧ ಗಂಟೆ ಸದ್ದು ಕೇಳ್ತಿತ್ತು. ಆಮೇಲೆ ಕೇಳ್ನಿಲ್ಲ. ನಿಲ್ಸಿ ಕುಂತವ್ರೆ ಅಂದ್ಕಂಡೆ." ಕ್ವಾರಿಯ ಗುಂಡಿಯಿಂದ ಊರಿನವರೇ ಎತ್ತಿ, ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಬಂದಿದ್ದರು.

ಮಾರನೆಯ ದಿನ ಬೆಳಕು ಹರಿಯುತ್ತಲೇ, ಅವರ ಮನೆಗೂ ಹೋಗದೆ, ನಾನು ಕ್ವಾರಿಗೆ ಓಡಿದೆ. ನನಗೆ ನೆಲ ನೋಡಬೇಕಿತ್ತು. ಅವರು ಹೆದರಿದ್ದರೋ ಇಲ್ಲವೋ ತಿಳಿಯಬೇಕಿತ್ತು. ಅಂಚಿನಲ್ಲಿ ಮಂಡಿಯೂರಿ, ಅವರ ಹಾಗೆಯೇ ಬೆರಳಿನಿಂದ ಸವರಿದೆ. ಇಪ್ಪತ್ತು ಮೂವತ್ತು ಜನರ ಕಾಲಿನ ಗುರುತು. ಹಗ್ಗ ಎಳೆದ ಗುರುತು. ಎತ್ತಿನ ಗೊರಸು. ಗಾಡಿ ತಿರುಗಿಸಿದ ಪಟ್ಟೆ. ಎಲ್ಲ ಒಂದರ ಮೇಲೊಂದು ತುಳಿದು ಹಿಟ್ಟಾಗಿತ್ತು. ಅವರ ಚಕ್ರದ ಗುರುತು ಒಂದು ಗೇಣೂ ಉಳಿದಿರಲಿಲ್ಲ.

ನಜರ್‌ಬಾದಿಗೆ ಬಂದಾಗ ಮನೆ ತುಂಬ ಜನ. ಮೇಷ್ಟರನ್ನು ಗೋಡೆಗೆ ಒರಗಿಸಿ ಕೂರಿಸಿ ಹಣೆಗೆ ವಿಭೂತಿ ಹಚ್ಚಿದ್ದರು. ಅವರ ಹೆಂಡತಿ ಅಳುತ್ತಿರಲಿಲ್ಲ. ನನ್ನನ್ನು ನೋಡಿದ ತಕ್ಷಣ ಎದ್ದು ಒಳಗಿನ ಕೋಣೆಗೆ ಕರೆದರು. ನನ್ನ ಮಂಡಿಗೆ ಮೆತ್ತಿದ್ದ ಮಣ್ಣನ್ನು ನೋಡಿದರು.

"ಅಲ್ಲಿಂದ ಬಂದ್ರಾ?"

"ಹೂಂ ಅಕ್ಕಾವ್ರೇ."

"ಬಿದ್ರಾ, ಇಲ್ಲ ತಾವಾಗೇ ಹೋದ್ರಾ?"

"ಬಿದ್ರು" ಎಂದೆ. "ಬ್ರೇಕ್ ಹಿಡಿದ ಗುರುತಿತ್ತು."

"ನೀವೇ ನೋಡಿದ್ರಾ?"

"ನೋಡ್ದೆ. ಆರಡಿ ಉದ್ದ ಇತ್ತು."

ನಾನು ಡ್ರಾಯಿಂಗ್ ಮೇಷ್ಟ್ರು. ಅಳತೆ ಇಲ್ಲದೆ ನನಗೆ ಸುಳ್ಳು ಹೇಳಲೂ ಬರಲಿಲ್ಲ. ಆಕೆ "ಆರಡಿ" ಎಂದು ಒಂದು ಸಲ ಹೇಳಿಕೊಂಡರು. ಆಮೇಲೆ ಗೋಡೆ ಹಿಡಿದು ಕೂತು ಅತ್ತರು.

ಬಂದವರಿಗೆಲ್ಲ ಅವರು ಅದನ್ನೇ ಹೇಳಿದರು. ಅಣ್ಣನಿಗೆ, ಓರಗಿತ್ತಿಗೆ, ಪಕ್ಕದ ಮನೆಯವರಿಗೆ: ಆರಡಿ ಬ್ರೇಕ್ ಹಿಡಿದಿದ್ರಂತೆ, ನಿಲ್ಸೋಕೆ ನೋಡಿದಾರೆ. ಶಿವಗಣಾರಾಧನೆ ಮುಗಿದ ಮೇಲೆ ನಂಜನಗೂಡಿನ ಅಣ್ಣನ ಮನೆಗೆ ಹೋದರು. ನಾನು ಹೇಳಿದ್ದು ಅವರನ್ನು ಬದುಕಿಸಿತು ಎಂದು ನಾನು ಎಷ್ಟೋ ವರ್ಷ ನಂಬಿಕೊಂಡಿದ್ದೆ.

ಹತ್ತು ವರ್ಷವಾದರೂ ಆಗಿರಬೇಕು. ನಮ್ಮೂರ ಕಡೆಗೆ ಬಸ್ಸು ಬಂದಿತ್ತು. ಒಂದು ದಿನ ಮೇಷ್ಟರ ಹೆಂಡತಿ ಶಾಲೆಯ ಹತ್ತಿರ ಬಂದು, "ಆ ಜಾಗ ನಂಗೊಂದ್ಸಲ ತೋರಿಸಿಬಿಡಿಯಪ್ಪ" ಎಂದರು. ಕರೆದುಕೊಂಡು ಹೋದೆ. ಅವರ ತಲೆ ಅರ್ಧ ನರೆತಿತ್ತು. ಕ್ವಾರಿ ನಿಂತುಹೋಗಿ, ಗುಂಡಿಯಲ್ಲಿ ಹಸಿರು ನೀರು ನಿಂತಿತ್ತು. ಅಂಚಿನವರೆಗೂ ಹುಲ್ಲು ಬೆಳೆದಿತ್ತು.

ಅವರು ಚಪ್ಪಲಿ ಬಿಟ್ಟು ಅಂಚಿಗೆ ಬೆನ್ನು ಮಾಡಿ ನಿಂತರು. ಅಲ್ಲಿಂದ ಪಾದಕ್ಕೆ ಪಾದ ತಾಗಿಸಿ ಅಳೆಯುತ್ತ ನನ್ನ ಕಡೆ ಬಂದರು. ತುಟಿ ಅಲ್ಲಾಡುತ್ತಿತ್ತು. ಒಂದು ಕಡೆ ನಿಂತು ತಿರುಗಿ ನೋಡಿದರು.

"ಇಷ್ಟು ಅಲ್ವಾ?"

"ಹೂಂ, ಇಷ್ಟೇ."

"ಇಲ್ಲಿ ಹಿಡಿದಿದಾರೆ." ಕಣ್ಣು ಅಂಚಿನ ಮೇಲೇ ಇತ್ತು. "ಇನ್ನೊಂದು ಎರಡಡಿ ಮೊದ್ಲೇ ಹಿಡಿದಿದ್ರೆ ನಿಲ್ತಿತ್ತು. ನಿಲ್ತಿತ್ತು ತಾನೇ? ಆ ಎರಡಡಿ ಇವರಿಗೆ ಯಾಕೆ ಸಿಗ್ಲಿಲ್ಲ ಅಂತ ನಾನು ದಿನಾ ಯೋಚ್ನೆ ಮಾಡ್ತೀನಿ."

ಸತ್ಯ ಹೇಳಲು ಬಾಯಿ ತೆರೆದೆ. ಹೇಳಿದರೆ ಆ ಆರಡಿಯೂ ಅವರ ಕಾಲ ಕೆಳಗಿನಿಂದ ಹೋಗುತ್ತಿತ್ತು.

"ನಿಲ್ತಿತ್ತು ಅಕ್ಕಾವ್ರೇ" ಎಂದೆ.

ಬಸ್ಸಿನ ಹೊತ್ತಾಯಿತು ಎಂದು ನಾನು ಎರಡು ಸಲ ಹೇಳಬೇಕಾಯಿತು. ಅಂಚಿನ ಹತ್ತಿರ ಬಿಟ್ಟಿದ್ದ ಚಪ್ಪಲಿ ತರಲು ಹೋದವರು, ಅಳೆದ ಆ ನೆಲದ ಮೇಲೆ ಕಾಲಿಡದೆ, ಬಳಸಿಕೊಂಡು ಹೋಗಿ ಬಳಸಿಕೊಂಡು ಬಂದರು.